ಮೈಗೆ ಕೇಳುವ ರೈಲು

ರೈಲಿನ ಸದ್ದು ಕಲೆಯ ಸಾಮಗ್ರಿಯಾದದ್ದು ಇಂದು ನಿನ್ನೆಯಲ್ಲ. 1948ರಲ್ಲಿಯೇ ಪಿಯೆರ್ ಶೆಫರ್ ಪ್ಯಾರಿಸಿನ ನಿಲ್ದಾಣವೊಂದರಲ್ಲಿ ಎಂಜಿನುಗಳ ಸದ್ದನ್ನು ತಟ್ಟೆಗಳಲ್ಲಿ ಹಿಡಿದು, ಮರುಜೋಡಿಸಿ, ರೇಡಿಯೋದಲ್ಲಿ ಕೇಳಿಸಿದ್ದ. ಆತ ನೆಚ್ಚಿದ್ದು ಮೈಕನ್ನು, ಎಂದರೆ ಕಿವಿಯನ್ನು. ಈಗಿನ ನಾದಕಲಾವಿದರಲ್ಲಿ ಕೆಲವರು ಕಿವಿಯನ್ನು ಬಿಟ್ಟು ಮೈಯನ್ನು ನೆಚ್ಚುತ್ತಾರೆ. ಮೊಬೈಲಿನೊಳಗಿನ ಚಲನೆಯ ಸಂವೇದಕದಿಂದ ಗಾಡಿಯ ನಡುಕವನ್ನು ದಾಖಲಿಸಿ, ಆ ಅಂಕಿಗಳನ್ನೇ ನಾದವಾಗಿಸುತ್ತಾರೆ. ಈ ರೂಪಾಂತರದಲ್ಲಿ ಉಳಿಯುವುದೇನು, ಅಳಿಯುವುದೇನು ಎಂಬುದು ವಿಮರ್ಶೆಯ ಪ್ರಶ್ನೆ.

ಇದಕ್ಕೆ ನೀಲಗಿರಿಯ ರೈಲಿಗಿಂತ ಒಳ್ಳೆಯ ಒರೆಗಲ್ಲು ನಮ್ಮ ಸೀಮೆಯಲ್ಲಿಲ್ಲ. 1899ರಲ್ಲಿ ಮೇಟುಪಾಳ್ಯದಿಂದ ಕೂನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ಏರಿದ, 46 ಕಿಲೋಮೀಟರಿನ ಹಾದಿ ಅದು. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿಯುಂಟು; ಎಂಜಿನಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. ಹನ್ನೆರಡು ಅಡಿ ಸಾಗಿದರೆ ಒಂದಡಿ ಏರು. ಅಲ್ಲಿನ ನಡುಕ ಬಯಲಿನ ರೈಲಿನದಲ್ಲ.

ಸಂವೇದಕ ಸೆಕೆಂಡಿಗೆ ನೂರು ಬಾರಿ ಅಳೆಯಿತೆನ್ನೋಣ. ಆಗ ಸೆಕೆಂಡಿಗೆ ಐವತ್ತರವರೆಗಿನ ಕಂಪನಗಳು ಮಾತ್ರ ಅದಕ್ಕೆ ದಕ್ಕುತ್ತವೆ. ಮನುಷ್ಯನ ಕಿವಿ ತೆರೆಯುವುದೇ ಸುಮಾರು ಇಪ್ಪತ್ತರಿಂದ. ಆದ್ದರಿಂದ ಕಲಾವಿದ ದಾಖಲೆಯನ್ನು ಹತ್ತು ಪಟ್ಟು ವೇಗವಾಗಿ ಓಡಿಸುತ್ತಾನೆ: ಐದರ ಕಂಪನ ಐವತ್ತಾಗಿ ಕೇಳಿಸುತ್ತದೆ. ಆದರೆ ಒಂದು ಗಂಟೆಯ ಪಯಣವೂ ಆರು ನಿಮಿಷಕ್ಕೆ ಕುಗ್ಗುತ್ತದೆ. ಏದುಸಿರು ಬಿಡುತ್ತ ಏರುವ ಗಾಡಿ ಬಾಣದಂತೆ ಹಾರಿದರೆ ಅದು ನೀಲಗಿರಿಯ ರೈಲೇ?

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದುಂಟು. ಈ ಸಂವೇದಕ ನಡುಕದ ಜೊತೆಗೆ ಭೂಮಿಯ ಸೆಳೆತವನ್ನೂ ಅಳೆಯುತ್ತದೆ. ಗಾಡಿಯ ಬೆಂಚಿನ ಮೇಲೆ ಅದರ ಉದ್ದಕ್ಕೆ ಮೊಬೈಲನ್ನು ಮಲಗಿಸಿಟ್ಟರೆ, ಆ ಕಡಿದಾದ ಏರಿನಲ್ಲಿ ಸೆಳೆತದ ಸರಿಸುಮಾರು ಹನ್ನೆರಡರಲ್ಲೊಂದು ಪಾಲು ಹಿಂದಕ್ಕೆ ಎಳೆಯುವುದನ್ನು ಅದು ಬರೆದಿಡುತ್ತದೆ. ಬೆಟ್ಟದ ಸಹಿ ಎಂದರೆ ಅದೇ. ನಾದ ಮಾಡುವಾಗ ಮೊದಲು ಸೋಸಿ ಚೆಲ್ಲುವುದೂ ಅದನ್ನೇ. ಏಕೆಂದರೆ ಅದು ಅಲುಗುವುದಿಲ್ಲ, ಅಲುಗದ್ದು ಸ್ವರವಾಗುವುದಿಲ್ಲ. ಹೀಗೆ ಬೆಟ್ಟದ ರೈಲಿನ ಕೃತಿಯಿಂದ ಬೆಟ್ಟವೇ ಜಾರಿಹೋಗುತ್ತದೆ.

ಇದು ಯಂತ್ರದ ದೋಷವಲ್ಲ, ಗ್ರಹಿಕೆಯ ದಾರಿದ್ರ್ಯ. ಆ ಏರನ್ನು ಶ್ರುತಿಯಾಗಿಟ್ಟು ನಡುಕವನ್ನು ತಾಳವಾಗಿಸಬಹುದಲ್ಲ! ಆಗ ಕೂನೂರು ದಾಟಿ ಏರು ಸಡಿಲವಾದಾಗ ಶ್ರುತಿಯೂ ಬದಲಾಗುತ್ತದೆ. ವೇಗವನ್ನು ಹೆಚ್ಚಿಸದೆಯೇ ದಾಖಲೆಯನ್ನು ಮರದ ಬೆಂಚೊಂದಕ್ಕೆ ಮರಳಿ ಊಡಿ, ಕೇಳುಗನನ್ನು ಅದರ ಮೇಲೆ ಕೂರಿಸುವುದು ಇನ್ನೊಂದು ದಾರಿ. ಮೈಯಿಂದ ಬಂದದ್ದು ಮೈಗೇ ಸಲ್ಲಲಿ.

ನೋಟಕ್ಕೆ ಒಗ್ಗಿದ ಕಲೆ ಈ ಗಾಡಿಯ ದನಿಯನ್ನು ಹಿಂದೆಯೂ ಕೇಳಲಿಲ್ಲ. ಮಣಿರತ್ನಂ ಅವರ 'ದಿಲ್ ಸೇ' (1998) ಚಿತ್ರದ ಪ್ರಸಿದ್ಧ ನೃತ್ಯ ಇದರ ನೆತ್ತಿಯ ಮೇಲೆ ನಡೆಯಿತು. ತಾಳ ಮಾತ್ರ ಎ. ಆರ್. ರಹಮಾನರ ಸ್ಟುಡಿಯೋದ್ದು. ಗಾಡಿ ಬರಿಯ ರಂಗಮಂಚ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ನೋಡುವವರು ಇನ್ನೂ ಹೆಚ್ಚಿದರು.

ಇದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿರುವ ಕೀಳ್ ಕೋತಗಿರಿಗೆ ರೈಲಿಲ್ಲ. ಚಹಾತೋಟಗಳ ನಡುವೆ, ಕನ್ನಡಕ್ಕೆ ಹತ್ತಿರದ ಬಡಗ ನುಡಿ ಕೇಳಿಬರುವ ಆ ಸೀಮೆಯ ಏರಿಳಿತಗಳನ್ನು ಬಲ್ಲದ್ದು ಬಸ್ಸು. ಕೋತಗಿರಿ ಎಂಬ ಹೆಸರಿನಲ್ಲೇ ಇರುವ ಕೋತರೋ, ಕಬ್ಬಿಣ ಬಡಿಯುವ ಕಮ್ಮಾರರೂ ಹೌದು, ವಾದ್ಯಗಾರರೂ ಹೌದು. ಲೋಹಕ್ಕೂ ನಾದಕ್ಕೂ ಇರುವ ನಂಟು ಈ ಬೆಟ್ಟಕ್ಕೆ ಹೊಸತಲ್ಲವೆಂದಾಯಿತು. ಪರಂಪರೆಯ ಮುದ್ರೆ ಬಿದ್ದ ಗಾಡಿಯನ್ನಷ್ಟೇ ಆಲಿಸುವ ಕಲೆ ಪ್ರವಾಸಿಯ ಕಲೆ. ತಿರುವು ತಿರುವಿಗೂ ತೊನೆಯುವ ಆ ಬಸ್ಸಿನ ಸೀಟಿನ ಮೇಲೂ ಮೊಬೈಲನ್ನು ಇಟ್ಟಾಗಲೇ ಅದು ಆ ನೆಲದ ಕಲೆಯಾದೀತು.