‘ಸ್ಪ್ರೇ’ ದೋಣಿಯ ಜಮಾಖರ್ಚು

ಸಮುದ್ರಯಾನದ ಪುಸ್ತಕಗಳಲ್ಲಿ ಜೋಶುವಾ ಸ್ಲೋಕಮ್ ಬರೆದ ‘ಸೇಲಿಂಗ್ ಅಲೋನ್ ಅರೌಂಡ್ ದ ವರ್ಲ್ಡ್’ ಎಂಬ ಇಂಗ್ಲಿಷ್ ಕೃತಿಗೆ ಮೊದಲಿನಿಂದಲೂ ಹಿರಿಯ ಸ್ಥಾನ ಸಂದಿದೆ. 1900ರಲ್ಲಿ ಪುಸ್ತಕರೂಪದಲ್ಲಿ ಹೊರಬಂದ ಇದನ್ನು ಮೆಚ್ಚಿದವರು ಸಾಮಾನ್ಯವಾಗಿ ಹಿಡಿದುಕೊಂಡದ್ದು ಹೆಸರಿನಲ್ಲಿರುವ ‘ಅಲೋನ್’ ಎಂಬ ಒಂದು ಪದವನ್ನು. ಒಬ್ಬನೇ ಮನುಷ್ಯ, ಒಂದು ಪುಟ್ಟ ಹಾಯಿದೋಣಿ, ಮೂರು ವರ್ಷ, 46,000 ಮೈಲಿ. ಸಾಹಸದ ಕಥೆಗೆ ಇನ್ನೇನು ಬೇಕು? ಆದರೆ ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿದವರಿಗೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದ್ವೀಪದಿಂದ ದ್ವೀಪಕ್ಕೆ ನಡೆದ ಕೊಡುಕೊಳ್ಳುವಿಕೆಯೇ ಈ ಪುಸ್ತಕದ ಜೀವಾಳ. ಅದರ ಹಿರಿಮೆ ಅಲ್ಲಿದೆ. ಅದರ ಕೊರತೆಯೂ ಅಲ್ಲೇ ಇದೆ.

ಸ್ಲೋಕಮ್ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾಸ್ಕೋಶಿಯಾದಲ್ಲಿ. ಹಾಯಿಹಡಗುಗಳ ಕಪ್ತಾನನಾಗಿ ಬಾಳಿದವನು. ಉಗಿಹಡಗುಗಳು ಬಂದು ಹಾಯಿಯ ಕಾಲ ಮುಗಿಯುತ್ತ ಬಂದಾಗ, ಐವತ್ತರ ಹೊಸ್ತಿಲಲ್ಲಿ, ಕೆಲಸವಿಲ್ಲದೆ ನಿಂತ. 1892ರಲ್ಲಿ ತಿಮಿಂಗಿಲ ಬೇಟೆಯ ಹಳೆಯ ಕಪ್ತಾನನೊಬ್ಬ ಅವನಿಗೆ ಒಂದು ಹಡಗು ಕೊಡುತ್ತೇನೆಂದು ಕರೆದ. ಹೋಗಿ ನೋಡಿದರೆ ಅದು ಹೊಲವೊಂದರಲ್ಲಿ ಆನಿಸಿ ನಿಲ್ಲಿಸಿದ್ದ ಮುದಿ ದೋಣಿ! ಸ್ಲೋಕಮ್ ಅದನ್ನು ಹಲಗೆ ಹಲಗೆಯಾಗಿ ಹೊಸದು ಮಾಡಿದ. ಸಾಮಾನಿಗೆ ತಗಲಿದ ಖರ್ಚು 553 ಡಾಲರ್ 62 ಸೆಂಟ್, ಹಿಡಿದ ಕಾಲ 13 ತಿಂಗಳು. ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. ಈ ‘ಸ್ಪ್ರೇ’ ದೋಣಿಯಲ್ಲಿ ಅವನು 1895ರ ಏಪ್ರಿಲ್ 24ರಂದು ಬಾಸ್ಟನ್ ಬಿಟ್ಟು, 1898ರ ಜೂನ್ 27ರಂದು ನ್ಯೂಪೋರ್ಟಿಗೆ ಮರಳಿದ. ಭೂಮಿಯನ್ನು ಒಬ್ಬಂಟಿಯಾಗಿ ದೋಣಿಯಲ್ಲಿ ಸುತ್ತಿದ ಮೊದಲಿಗ ಅವನೇ.

ಆ 62 ಸೆಂಟನ್ನೂ ಬಿಡದೆ ಬರೆಯುವ ಕೈಯೇ ಇಡೀ ಪುಸ್ತಕವನ್ನು ಬರೆದಿದೆ. ಕಚೇರಿಯ ಟಿಪ್ಪಣಿಯಂತೆ ಸಣ್ಣ ಸಣ್ಣ ವಾಕ್ಯ; ಬಿರುಗಾಳಿಯ ವರ್ಣನೆಯಲ್ಲೂ ಅಬ್ಬರವಿಲ್ಲ. ನಗೆಯೂ ತುಟಿ ಬಿರಿಯದ ನಗೆ. ‘ಅಮೆರಿಕದಲ್ಲಿ ಗೊರೂರು’ ಓದಿ ನಕ್ಕ ನಮ್ಮವರಿಗೆ, ತನ್ನನ್ನೇ ಹಾಸ್ಯಮಾಡಿಕೊಳ್ಳುವ ಈ ರೀತಿ ಪರಕೀಯವೆನಿಸದು. ಹಡಗಿನ ಕಾಲಮಾಪಕದ ರಿಪೇರಿಗೆ 15 ಡಾಲರ್ ಕೇಳಿದರೆಂದು ಅದನ್ನು ಮನೆಯಲ್ಲೇ ಬಿಟ್ಟು, ಮುಖ ಒಡೆದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡು ಹೊರಟವನು ಈತ. ಮುಂದೆ ಅದರ ನಿಮಿಷದ ಮುಳ್ಳೂ ಕಳಚಿ ಹೋಯಿತು.

ವಿಜ್ಞಾನ ಓದಿದವರಿಗೆ ಪುಸ್ತಕದ ಅತ್ಯಂತ ರುಚಿಕರ ಭಾಗ ಇದರಿಂದಲೇ ಹುಟ್ಟುತ್ತದೆ. ನಿಖರ ಗಡಿಯಾರವಿಲ್ಲದೆ ರೇಖಾಂಶ ತಿಳಿಯುವುದು ಹೇಗೆ? ಚಂದ್ರನಿಗೂ ಸೂರ್ಯನಿಗೂ, ಅಥವಾ ಒಂದು ನಕ್ಷತ್ರಕ್ಕೂ, ನಡುವಿನ ಕೋನವನ್ನು ಅಳೆದು ಕೋಷ್ಟಕಗಳ ಸಹಾಯದಿಂದ ಕಾಲವನ್ನು ಕಂಡುಹಿಡಿಯಬೇಕು. ಅವನ ಕಾಲಕ್ಕಾಗಲೇ ಬಳಕೆ ತಪ್ಪುತ್ತಿದ್ದ, ಬಹಳ ಪರಿಶ್ರಮದ ಕ್ರಮ ಇದು. ಶಾಂತಸಾಗರದ ಮಾರ್ಕ್ವೆಸಾಸ್ ದ್ವೀಪಗಳ ಬಳಿ ಸ್ಲೋಕಮನ ಮೊದಲ ಲೆಕ್ಕ ನೂರಾರು ಮೈಲಿ ತಪ್ಪಿ ಬಂತು. ಅವನು ತನ್ನ ಅಳತೆಯನ್ನು ಬಿಟ್ಟುಕೊಡದೆ ಅಚ್ಚಾದ ಕೋಷ್ಟಕವನ್ನೇ ಪರಿಶೀಲಿಸಿದ; ತಪ್ಪು ಅದರಲ್ಲಿತ್ತು. ಅದನ್ನು ತಿದ್ದಿದ ಮೇಲೆ, ವೇಗ ಮತ್ತು ದಿಕ್ಕಿನಿಂದ ಅವನು ಅಂದಾಜು ಮಾಡಿದ್ದ ಸ್ಥಾನಕ್ಕೂ ಲೆಕ್ಕಕ್ಕೂ ಕೆಲವೇ ಮೈಲಿಗಳ ಅಂತರ ಉಳಿಯಿತು. ಸಮುದ್ರದ ಕಥೆಗಳಲ್ಲಿ ಅಲೆಗಳ ಗಾತ್ರ ಹೇಳುವವರು ಬಹಳ ಮಂದಿ. ಲಾಗರಿದಮ್ ಪಟ್ಟಿಯ ದೋಷವನ್ನು ಇಷ್ಟು ಸ್ವಾರಸ್ಯವಾಗಿ ಹೇಳಿದವರು ವಿರಳ.

ದೋಣಿಯ ನಡೆಯೂ ಹೀಗೆಯೇ ಲೆಕ್ಕಕ್ಕೆ ಸಿಕ್ಕುವಂಥದು. ಉದ್ದವಾದ ತಳದ ತೊಲೆ ಮತ್ತು ಹಾಯಿಗಳ ಸಮತೋಲದಿಂದಾಗಿ, ಚುಕ್ಕಾಣಿಯನ್ನು ಕಟ್ಟಿಬಿಟ್ಟರೆ ‘ಸ್ಪ್ರೇ’ ತಾನಾಗಿಯೇ ದಾರಿ ಹಿಡಿಯುತ್ತಿತ್ತು. ಆಸ್ಟ್ರೇಲಿಯದ ಉತ್ತರಕ್ಕಿರುವ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗೆ 2,700 ಮೈಲಿಯನ್ನು 23 ದಿನಗಳಲ್ಲಿ ಕ್ರಮಿಸಿದಾಗ, ಸ್ಲೋಕಮ್ ಚುಕ್ಕಾಣಿಯ ಬಳಿ ಕುಳಿತದ್ದು ಒಟ್ಟು ಮೂರು ಗಂಟೆಗಿಂತ ಹೆಚ್ಚಿಲ್ಲ.

ಆದ್ದರಿಂದ ಕಡಲಿನ ಮೇಲೆ ಅವನಿಗೆ ಹೇಳಲು ಹೆಚ್ಚಿಲ್ಲ. ಮೀನು ಹಾರಿತು, ಪುಸ್ತಕ ಓದಿದೆ, ಅಡಿಗೆ ಮಾಡಿದೆ, ಅಷ್ಟೇ. ಬರವಣಿಗೆಗೆ ರಂಗೇರುವುದು ಲಂಗರು ಬಿದ್ದ ಮೇಲೆ. ಅಜೋರ್ಸ್ ದ್ವೀಪಗಳಲ್ಲಿ ಅವನಿಗೆ ಪ್ಲಮ್ ಹಣ್ಣು, ಚೀಸು ದೊರೆಯುತ್ತವೆ. ಎರಡನ್ನೂ ಒಟ್ಟಿಗೆ ತಿಂದು ಹೊಟ್ಟೆನೋವಿನಿಂದ ಬಿದ್ದಾಗ, ಕೊಲಂಬಸನ ‘ಪಿಂಟಾ’ ಹಡಗಿನ ಚಾಲಕನೇ ಬಂದು ತನ್ನ ದೋಣಿ ನಡೆಸಿದಂತೆ ಭ್ರಮೆಯಾಗುತ್ತದೆ. ದಕ್ಷಿಣ ಅಮೆರಿಕದ ತುದಿಯ ಮೆಗಲನ್ ಜಲಸಂಧಿಯಲ್ಲಿ ಒಡೆದ ಹಡಗಿನಿಂದ ದಡಕ್ಕೆ ಬಂದ ಕೊಬ್ಬಿನ ಪೀಪಾಯಿಗಳು ಸಿಕ್ಕುತ್ತವೆ. ರಾಬಿನ್ಸನ್ ಕ್ರೂಸೋ ಕಥೆಗೆ ಪ್ರೇರಣೆಯಾದ ಹ್ವಾನ್ ಫೆರ್ನಾಂಡೆಸ್ ದ್ವೀಪದಲ್ಲಿ ಆ ಕೊಬ್ಬಿನಲ್ಲಿ ಹಿಟ್ಟು ಕರಿದು ಡೋನಟ್ ಮಾಡುವುದನ್ನು ಅವನು ಜನರಿಗೆ ಕಲಿಸುತ್ತಾನೆ. ಕೊಬ್ಬು ಕೊಂಡವರು ಹಳೆಯ ಕಾಲದ ವಿಚಿತ್ರ ನಾಣ್ಯಗಳನ್ನು ಕೊಡುತ್ತಾರೆ. ಸಮೋವಾದಲ್ಲಿ ಕಾದಂಬರಿಕಾರ ಆರ್. ಎಲ್. ಸ್ಟೀವನ್‌ಸನ್‌ನ ವಿಧವೆ, ಗಂಡ ಮತ್ತೆ ಮತ್ತೆ ಓದುತ್ತಿದ್ದ ನೌಕಾಮಾರ್ಗದ ಗ್ರಂಥಗಳನ್ನು ಕೈಗಿಡುತ್ತಾಳೆ. ಕೀಲಿಂಗಿನಲ್ಲಿ ದೋಣಿಯ ತಳಭಾರಕ್ಕೆಂದು ಹೇರಿದ್ದ ಸಿಮೆಂಟನ್ನು ಇಳಿಸಿ, ಅಲ್ಲಿನ ದೈತ್ಯ ಚಿಪ್ಪುಗಳನ್ನು ತುಂಬಿಕೊಳ್ಳುತ್ತಾನೆ. ಸೇಂಟ್ ಹೆಲೆನಾದಲ್ಲಿ ಉಡುಗೊರೆಯಾಗಿ ಬಂದ ಆಡು ಮಾತ್ರ ಅವನ ವೆಸ್ಟ್ ಇಂಡೀಸ್ ನಕ್ಷೆಯನ್ನೇ ಮೇದುಬಿಡುತ್ತದೆ. ಒಂದೊಂದು ದ್ವೀಪಕ್ಕೂ ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಇಂಥವನನ್ನು ಒಂಟಿ ಎನ್ನುವುದು ಹೇಗೆ?

ಇಲ್ಲಿಯವರೆಗೆ ಮೆಚ್ಚುಗೆ. ಆದರೆ ಲೆಕ್ಕ ಎಂದಮೇಲೆ ತಪಾಸಣೆಯೂ ಇರಬೇಕಲ್ಲ. ಟಿಯೆರಾ ಡೆಲ್ ಫ್ಯೂಗೋದ ಮೂಲನಿವಾಸಿಗಳ ವಿಷಯದಲ್ಲಿ ಈ ಖಾತೆ ತಾಳೆಯಾಗುವುದಿಲ್ಲ. ಅವರು ರಾತ್ರಿ ದೋಣಿ ಹತ್ತದಂತೆ ಅಟ್ಟದ ಮೇಲೆ ಚೂಪು ಮೊಳೆ ಹರಡಿ ಮಲಗಿದ್ದು, ತುಳಿದವರು ಕಿರುಚಿ ನೀರಿಗೆ ಹಾರಿದ್ದು, ಪುಸ್ತಕದಲ್ಲಿ ಅತಿ ಪ್ರಸಿದ್ಧವಾದ ಹಾಸ್ಯ. ಪ್ರಾಣಭಯದಲ್ಲಿದ್ದ ಒಬ್ಬಂಟಿ ಮಾಡಿದ ಉಪಾಯವನ್ನು ದೂರಬೇಕಾಗಿಲ್ಲ. ದೂರಬೇಕಾದದ್ದು ಅದಕ್ಕೆ ಸ್ವಲ್ಪ ಮುಂಚೆ ಬರುವ ಒಂದು ವಾಕ್ಯವನ್ನು. ಬೇರೆಲ್ಲೋ ಹಡಗೊಂದರ ಜನರನ್ನು ಕೊಂದದ್ದಕ್ಕೆ ಪ್ರತಿಯಾಗಿ, ಪುಂಟಾ ಅರೇನಾಸಿನ ಗವರ್ನರ್ ಮೂಲನಿವಾಸಿಗಳ ಒಂದು ನೆಲೆಯನ್ನು ಸಾಧ್ಯವಾದಷ್ಟು ಅಳಿಸಿಹಾಕಲು ನಾವಿಕರ ಪಡೆ ಕಳಿಸಿದ್ದನಂತೆ. ಅದೇ ವಾಕ್ಯದಲ್ಲಿ ಆ ಗವರ್ನರ್ ಬಲು ವಿನೋದಪ್ರಿಯ ಎಂಬ ಮಾತೂ ಇದೆ! ಸೆಂಟಿಗೆ ಲೆಕ್ಕ ಇಟ್ಟ ಲೇಖಕ ಸತ್ತವರೆಷ್ಟು ಎಂದು ಕೇಳುವುದಿಲ್ಲ. ತಪ್ಪು ಮಾಡಿದವರು ಇವರೇನೇ ಎಂದೂ ಕೇಳುವುದಿಲ್ಲ.

ಕೀಲಿಂಗ್ ಅಧ್ಯಾಯದಲ್ಲಿ ತಪ್ಪು ಇನ್ನೊಂದು ಬಗೆಯದು. ಆ ದ್ವೀಪವನ್ನು ಅವನು ಭೂಲೋಕದ ಸ್ವರ್ಗವೆಂಬಂತೆ ಬಣ್ಣಿಸುತ್ತಾನೆ. ಮಕ್ಕಳ ಆಟಪಾಟದ ಪುಟಗಳು ನಿಜಕ್ಕೂ ಸೊಗಸು. ಆದರೆ 1886ರಲ್ಲಿ ವಿಕ್ಟೋರಿಯಾ ರಾಣಿ ಆ ದ್ವೀಪಗಳನ್ನು ಕ್ಲೂನೀಸ್-ರಾಸ್ ಎಂಬ ಒಂದೇ ಮನೆತನಕ್ಕೆ ಶಾಶ್ವತವಾಗಿ ಬರೆದುಕೊಟ್ಟಿದ್ದಳು. ತೆಂಗಿನ ತೋಟದ ಮಲಯ ಕೂಲಿಗಳಿಗೆ ಬಹುಕಾಲ ಸಂಬಳವಾಗಿ ಸಿಕ್ಕುತ್ತಿದ್ದದ್ದು ಮನೆತನದ ಸ್ವಂತ ಬಿಲ್ಲೆ. ಅದು ಅವರ ಅಂಗಡಿಯಲ್ಲದೆ ಹೊರಗೆ ನಡೆಯುತ್ತಿರಲಿಲ್ಲ. 1978ರಲ್ಲಿ ಆಸ್ಟ್ರೇಲಿಯ ಸರ್ಕಾರ ದ್ವೀಪಗಳ ಬಹುಭಾಗವನ್ನು ಹಣ ಕೊಟ್ಟು ಕೊಂಡುಕೊಳ್ಳಬೇಕಾಯಿತು. ಲಂಗರು ಹಾಕಿದ ಅತಿಥಿಗೆ ದ್ವೀಪವೆಲ್ಲ ಸ್ವರ್ಗ. ಎತ್ತಲು ಲಂಗರಿಲ್ಲದವನ ಮಾತು ಬೇರೆ.

ಇನ್ನೊಂದು ಮೌನವಿದೆ. ಸ್ಲೋಕಮನ ಮೊದಲ ಹೆಂಡತಿ ವರ್ಜೀನಿಯಾ, ಅವನೊಡನೆ ಹಡಗುಗಳಲ್ಲೇ ಸಂಸಾರ ಮಾಡಿದವಳು, 1884ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡಳು. ಈ ಯಾನದಲ್ಲಿ ಅವನು ಆ ಊರಿಗೂ ಹೋಗುತ್ತಾನೆ. ಅಲ್ಲಿನ ಪುಟಗಳಲ್ಲಿ ಆಕೆಯ ಮಾತೇ ಇಲ್ಲ. ಇದನ್ನು ಮಾತ್ರ ನಾವು ದೋಷವೆನ್ನಲಾರೆವು. ಎಲ್ಲ ದುಃಖವನ್ನೂ ಖಾತೆಗೆ ಬರೆಯಲೇಬೇಕೆಂಬ ನಿಯಮವಿಲ್ಲ.

ನಮ್ಮ ಮುಂಬಯಿಯಿಂದಲೇ 2009ರ ಆಗಸ್ಟ್ 19ರಂದು ಹೊರಟ ನೌಕಾದಳದ ದಿಲೀಪ್ ದೋಂದೆ, ಗೋವೆಯಲ್ಲಿ ಕಟ್ಟಿದ ‘ಮ್ಹಾದೇಯಿ’ ಎಂಬ ಹಾಯಿದೋಣಿಯಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮಾಡಿ 2010ರ ಮೇ 19ರಂದು ಹಿಂತಿರುಗಿದರು; ಹೀಗೆ ಮಾಡಿದ ಮೊದಲ ಭಾರತೀಯರು ಅವರು. ಉಪಗ್ರಹದ ಸಹಾಯವಿದ್ದ ಆ ಯಾನದಲ್ಲೂ ನಾಲ್ಕು ಬಂದರುಗಳಲ್ಲಿ ತಂಗುವುದು ಬೇಕಾಯಿತು. ದಡದ ಮನುಷ್ಯನ ಹಂಗು ತಪ್ಪುವುದಿಲ್ಲ.

ಸ್ಲೋಕಮ್ 1909ರಲ್ಲಿ ಅದೇ ‘ಸ್ಪ್ರೇ’ಯಲ್ಲಿ ಮತ್ತೆ ಹೊರಟವನು ಹಿಂತಿರುಗಲಿಲ್ಲ. ಅವನ ಪುಸ್ತಕ ಉಳಿದಿದೆ. ಸುಲಭವಾದ ಇಂಗ್ಲಿಷ್, ಪದವಿಯ ತರಗತಿಯ ಹುಡುಗರೂ ನಿಘಂಟು ಇಲ್ಲದೆ ಓದಬಹುದು. ಓದುವಾಗ ಜಮೆಯ ಪುಟಗಳನ್ನು ಸಂತೋಷದಿಂದ ಓದಿ. ಮೊಳೆ ತುಳಿದವರ ಪುಟ ಬಂದಾಗ ನಗುವ ಮುನ್ನ ಒಂದು ಗಳಿಗೆ ನಿಲ್ಲಿ. ಆ ಕರಾವಳಿ ಯಾರ ಮನೆಯಾಗಿತ್ತು ಎಂಬುದನ್ನು ಲೇಖಕ ಕೇಳಲಿಲ್ಲ, ಓದುಗರು ಕೇಳಬಹುದು.