ಮೂವತ್ತೈದನೆಯ ಕಲಮು: ಕೂಕಟ್‌ಪಲ್ಲಿಯ ಕಳ್ಳಿನ ಪ್ರಸಂಗ ಮುಂದಿಟ್ಟು ಒಂದು ವ್ಯಾಖ್ಯಾನ

ಮೂಲದ ಭಾವ: ಆಹಾರ ಪ್ರಾಧಿಕಾರವು, ಅಧಿಸೂಚನೆಯ ಮೂಲಕ, ಅದರಲ್ಲಿ ಹೆಸರಿಸಿದ ಸ್ಥಳೀಯ ಪ್ರದೇಶದಲ್ಲಿ ವೃತ್ತಿ ನಡೆಸುವ ನೋಂದಾಯಿತ ವೈದ್ಯರು, ತಮ್ಮ ಗಮನಕ್ಕೆ ಬಂದ, ಆಹಾರವಿಷದ, ಎಲ್ಲ ಪ್ರಸಂಗಗಳನ್ನೂ, ಗೊತ್ತುಪಡಿಸಿದ ಅಧಿಕಾರಿಗೆ, ವರದಿ ಮಾಡತಕ್ಕದ್ದೆಂದು, ವಿಧಿಸಬಹುದು.

ಅವತರಣಿಕೆ. ಇದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 35ನೆಯ ಕಲಮು. ನೂರೊಂದು ಕಲಮುಗಳ ಆ ಕಾಯ್ದೆಯಲ್ಲಿ ಇದಕ್ಕೆ ಸಂದದ್ದು ಒಂದೇ ವಾಕ್ಯ. ಕಲಬೆರಕೆಗೆ ಶಿಕ್ಷೆ, ಪರವಾನಗಿಯ ರೀತಿ, ಮಾದರಿ ತೆಗೆಯುವ ಕ್ರಮ ಇವೆಲ್ಲ ಆಹಾರದ ಕಡೆಯಿಂದ ಹೊರಟು ಮನುಷ್ಯನ ಕಡೆಗೆ ಬರುತ್ತವೆ. ಈ ಕಲಮು ಮಾತ್ರ ಕಾಯಿಲೆ ಬಿದ್ದವನಿಂದ ಹೊರಟು ಆಹಾರವನ್ನು ಹುಡುಕಿಕೊಂಡು ಹೋಗುತ್ತದೆ. ಇದರ ಅರ್ಥ ನೆಲೆಗೊಳ್ಳಲು ಒಂದು ದೃಷ್ಟಾಂತ ಬೇಕು. ಬೀದರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹಾಯುವ ಕೂಕಟ್‌ಪಲ್ಲಿಯಲ್ಲಿ 2025ರ ಜುಲೈ ಮೊದಲ ಭಾಗದಲ್ಲಿ ನಡೆದ ಪ್ರಸಂಗವೇ ಆ ದೃಷ್ಟಾಂತ. ಹೈದರ್‌ನಗರ ಮತ್ತು ಸುತ್ತಲಿನ ಕಳ್ಳಿನ ಅಂಗಡಿಗಳಲ್ಲಿ ಕುಡಿದವರಿಗೆ ವಾಂತಿ, ಭೇದಿ ಹತ್ತಿತು, ರಕ್ತದೊತ್ತಡ ಕುಸಿಯಿತು, ಕೆಲವರ ಮೂತ್ರಪಿಂಡ ಕೈಕೊಟ್ಟಿತು. ಹತ್ತಾರು ಜನ ನಿಮ್ಸ್ ಹಾಗೂ ಇತರ ಆಸ್ಪತ್ರೆಗಳನ್ನು ಸೇರಿದರು, ಹಲವರು ಬದುಕಲಿಲ್ಲ. ಕಳ್ಳಿನ ಮಾದರಿಗಳಲ್ಲಿ ಆಲ್ಪ್ರಜೋಲಂ ಎಂಬ ನಿದ್ದೆಮಾತ್ರೆಯ ದ್ರವ್ಯ ಇದ್ದದ್ದು ಪರೀಕ್ಷೆಯಲ್ಲಿ ಗೊತ್ತಾಯಿತು. ಅಂಗಡಿಗಳಿಗೆ ಬೀಗ ಬಿತ್ತು, ಬಂಧನಗಳಾದವು.

ಆಹಾರ ಪ್ರಾಧಿಕಾರವು. ಎಂದರೆ ದಿಲ್ಲಿಯಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಜನರ ಬಾಯಲ್ಲಿ ಎಫ್‌ಎಸ್‌ಎಸ್‌ಎಐ. ಈ ಕಾಯ್ದೆಯ ಪೂರ್ವಜವಾದ 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ 15ನೆಯ ಕಲಮಿನಲ್ಲಿಯೂ ಹೆಚ್ಚುಕಡಿಮೆ ಇದೇ ವಾಕ್ಯವಿತ್ತು. ಆದರೆ ಅಲ್ಲಿ ಕರ್ತೃಸ್ಥಾನದಲ್ಲಿದ್ದುದು ರಾಜ್ಯ ಸರ್ಕಾರ. ಹೊಸ ಕಾಯ್ದೆ ಆ ಸ್ಥಾನವನ್ನು ದಿಲ್ಲಿಗೆ ಒಯ್ದಿತು. ಮಾನದಂಡ ದೇಶಕ್ಕೆಲ್ಲ ಒಂದೇ ಇರಲಿ ಎಂಬುದು ಇದರ ಆಶಯವಿರಬೇಕು. ಆದರೆ ಕಾಯಿಲೆ ಹುಟ್ಟುವುದು ಒಂದು ಬಸ್ತಿಯಲ್ಲಿ, ಒಂದು ರಾತ್ರಿಯಲ್ಲಿ. ಅದನ್ನು ಅರಿಯುವ ಕಣ್ಣು ಸಮೀಪದಲ್ಲಿರಬೇಕಾದಾಗ ಕರ್ತೃವನ್ನು ದೂರ ಮಾಡಿದ್ದು ಈ ವಾಕ್ಯದ ಮೊದಲ ದೌರ್ಬಲ್ಯ.

ಅಧಿಸೂಚನೆಯ ಮೂಲಕ. ರಾಜಪತ್ರದಲ್ಲಿ ಪ್ರಕಟವಾದ ಲಿಖಿತ ಆಜ್ಞೆ ಎಂದರ್ಥ. ಬಾಯಿಮಾತಿನ ಕೋರಿಕೆ, ಸಭೆಯ ಸಲಹೆ ಇದಕ್ಕೆ ಸಾಲದು.

ಹೆಸರಿಸಿದ ಸ್ಥಳೀಯ ಪ್ರದೇಶದಲ್ಲಿ. ಇಡೀ ದೇಶಕ್ಕೆ ಅನ್ವಯಿಸಬೇಕೆಂಬ ನಿರ್ಬಂಧ ಈ ಕಲಮಿಗಿಲ್ಲ. ಒಂದು ನಗರಕ್ಕೋ ತಾಲೂಕಿಗೋ ಸೀಮಿತವಾಗಿ ಹೊರಡಿಸಬಹುದು. ಕೂಕಟ್‌ಪಲ್ಲಿಯನ್ನೇ ನೋಡಿದರೆ, ಅದು ಕಂದಾಯದ ಲೆಕ್ಕದಲ್ಲಿ ಮೇಡ್ಚಲ್–ಮಲ್ಕಾಜ್‌ಗಿರಿ ಜಿಲ್ಲೆಗೆ ಸೇರಿದ್ದು, ಪೌರಾಡಳಿತದ ಲೆಕ್ಕದಲ್ಲಿ ಆಗ ಹೈದರಾಬಾದಿನ ಮಹಾನಗರ ಪಾಲಿಕೆಗೆ ಸೇರಿತ್ತು. ಕುಡಿದವನು ಇಲ್ಲಿಯವನಾದರೂ ಮಲಗಿದ್ದು ಪಂಜಗುಟ್ಟದ ನಿಮ್ಸ್‌ನಲ್ಲಿ; ಆ ಆಸ್ಪತ್ರೆ ಇರುವುದು ಬೇರೆ ಜಿಲ್ಲೆಯಲ್ಲಿ. ಪ್ರದೇಶವೆಂದರೆ ರೋಗಿಯ ಮನೆಯೋ, ಕಳ್ಳಿನ ಅಂಗಡಿಯೋ, ಆಸ್ಪತ್ರೆಯ ವಾರ್ಡೋ? ಸಮಾಧಾನ: ಕಲಮಿನ ಅನ್ವಯದಲ್ಲಿ ಪ್ರದೇಶ ಎಂಬುದು ವೈದ್ಯನು ವೃತ್ತಿ ನಡೆಸುವ ಸ್ಥಳ. ಆದ್ದರಿಂದ ವರದಿ ಏಳುವುದು ಆಸ್ಪತ್ರೆಯಿಂದ. ಅದು ಅಂಗಡಿಯ ಊರಿಗೆ ತಲುಪುವ ದಾರಿಯನ್ನು ಕಲಮು ಹೇಳುವುದಿಲ್ಲ, ವ್ಯವಸ್ಥೆಯೇ ಕಟ್ಟಿಕೊಳ್ಳಬೇಕು.

ವೃತ್ತಿ ನಡೆಸುವ ನೋಂದಾಯಿತ ವೈದ್ಯರು. ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ಹೆಸರುಳ್ಳವರು ಎಂದು ತಿಳಿಯಬೇಕು; ಸರ್ಕಾರಿಯೋ ಖಾಸಗಿಯೋ ಎಂಬ ಭೇದವಿಲ್ಲ. ಇಲ್ಲೊಂದು ವಿಡಂಬನೆ ಇದೆ. ಮೂಲದ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿದರೆ ಆರ್‌ಎಂಪಿ ಆಗುತ್ತದೆ. ತೆಲಂಗಾಣದಲ್ಲಿ, ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿಯೂ, ‘ಆರ್‌ಎಂಪಿ ಡಾಕ್ಟರ್’ ಎಂದು ಜನ ಕರೆಯುವುದು ಸಾಮಾನ್ಯವಾಗಿ ಪದವಿಯಾಗಲಿ ನೋಂದಣಿಯಾಗಲಿ ಇಲ್ಲದ ಗಲ್ಲಿಯ ಚಿಕಿತ್ಸಕನನ್ನೇ. ಕೂಲಿಯವನು ವಾಂತಿ ಹತ್ತಿದಾಗ ಮೊದಲು ಹೋಗುವುದು ಅವನಲ್ಲಿಗೆ. ಒಂದು ಸೂಜಿ, ಒಂದು ಸಲೈನ್ ಬಾಟಲಿ, ಮನೆಗೆ ವಾಪಸು. ಕಾಯ್ದೆ ಯಾರ ಕಿವಿಯನ್ನು ನೆಚ್ಚಿದೆಯೋ ಆ ಕಿವಿಗೆ ಸುದ್ದಿ ಮುಟ್ಟುವುದು ರೋಗ ಉಲ್ಬಣಿಸಿದ ಮೇಲೆ.

ತಮ್ಮ ಗಮನಕ್ಕೆ ಬಂದ. ಇದೇ ಕಲಮಿನ ಹೃದಯ. ‘ಸಾಬೀತಾದ’ ಎನ್ನಲಿಲ್ಲ, ‘ಪ್ರಯೋಗಾಲಯ ದೃಢಪಡಿಸಿದ’ ಎನ್ನಲಿಲ್ಲ. ಶಂಕೆ ಹುಟ್ಟಿದರೆ ಸಾಕು, ಕರ್ತವ್ಯ ಹುಟ್ಟುತ್ತದೆ. ಏಕೆಂದರೆ ದೃಢೀಕರಣಕ್ಕೆ ಕಾಯುವಷ್ಟರಲ್ಲಿ ಪಾತ್ರೆ ತೊಳೆದಿರುತ್ತದೆ, ಉಳಿದದ್ದು ಚರಂಡಿ ಸೇರಿರುತ್ತದೆ. ಗಮನ ಎಂಬುದು ತಾನಾಗಿ ಬರುವಂಥದ್ದೂ ಅಲ್ಲ, ಕೇಳಿ ತಂದುಕೊಳ್ಳಬೇಕು: ಏನು ತಿಂದಿರಿ, ಎಲ್ಲಿ, ಯಾವ ಹೊತ್ತಿಗೆ, ಜೊತೆಯಲ್ಲಿ ತಿಂದವರು ಹೇಗಿದ್ದಾರೆ? ಹೊತ್ತಿನ ಪ್ರಶ್ನೆಯೊಂದೇ ಅರ್ಧ ಉತ್ತರ ಕೊಡುತ್ತದೆ. ಉಂಡು ಎರಡು-ನಾಲ್ಕು ಗಂಟೆಯೊಳಗೆ ಬಡಿದಂತೆ ವಾಂತಿಯಾದರೆ ಸ್ಟಫೈಲೊಕಾಕಸ್ ಅಥವಾ ಬೆಸಿಲಸ್ ಆಹಾರದಲ್ಲಿ ಮೊದಲೇ ಬಿಟ್ಟಿದ್ದ ವಿಷದ ಮೇಲೆ ಅನುಮಾನ; ಜ್ವರ, ಭೇದಿಯೊಡನೆ ಮಾರನೆಯ ದಿನ ಕಾಣಿಸಿಕೊಂಡರೆ ಸಾಲ್ಮೊನೆಲ್ಲಾದಂಥ ಜೀವಾಣು ಹೊಟ್ಟೆಯೊಳಗೆ ಬೆಳೆದಿರುವ ಸಂಭವ. ಕಳ್ಳಿನ ಪ್ರಸಂಗದಲ್ಲಿ ಈ ಪ್ರಶ್ನೋತ್ತರಕ್ಕೆ ಒಂದು ಅಡ್ಡಿಯೂ ಇರುತ್ತದೆ: ಸಂಕೋಚ. ‘ಹೊರಗಡೆ ಊಟ ಮಾಡಿದ್ದೆ’ ಎಂಬಲ್ಲಿಗೆ ಮಾತು ನಿಂತರೆ ವೈದ್ಯನ ಗಮನಕ್ಕೆ ಬಂದದ್ದು ಅತಿಸಾರ ಮಾತ್ರ. ಎರಡು ಹಾಸಿಗೆಯಾಚೆ ಮಲಗಿದವನೂ ಅದೇ ಕಳ್ಳಿನ ಅಂಗಡಿಯಲ್ಲಿ ಕುಡಿದವನೆಂದು ಒಬ್ಬ ದಾದಿ ಹೊಂದಿಸಿ ನೋಡಿದಾಗಲೇ ಅದು ಪ್ರಸಂಗವಾಗುವುದು.

ಆಹಾರವಿಷದ. ಇಲ್ಲಿ ಪೂರ್ವಪಕ್ಷ ಹೀಗೆ: ಕಳ್ಳು ಮದ್ಯ, ಮದ್ಯ ಅಬಕಾರಿಯ ವಿಷಯ, ಹಾಗಾಗಿ ಈ ಕಲಮು ಸಲ್ಲದು. ಸಿದ್ಧಾಂತ: ಅದೇ ಕಾಯ್ದೆಯ 3ನೆಯ ಕಲಮಿನಲ್ಲಿ ‘ಆಹಾರ’ ಎಂಬುದರ ಲಕ್ಷಣ ಹೇಳುವಾಗ ಮದ್ಯಪಾನೀಯವನ್ನು ಹೆಸರು ಹಿಡಿದು ಒಳಗೆ ಸೇರಿಸಿದೆ. ಅಷ್ಟೇ ಸ್ಪಷ್ಟವಾಗಿ ಮಾದಕ ಹಾಗೂ ಮನೋವರ್ತಕ ದ್ರವ್ಯಗಳನ್ನು ಹೊರಗಿಟ್ಟಿದೆ. ಆದ್ದರಿಂದ ಕಳ್ಳು ಆಹಾರ. ಅದರೊಳಗಿನ ಆಲ್ಪ್ರಜೋಲಂ ಆಹಾರವಲ್ಲ, ಮಾದಕವಸ್ತು ಕಾಯ್ದೆಯ ಹಿಡಿತದ್ದು. ಎರಡನ್ನೂ ಒಂದೇ ಲೋಟದಲ್ಲಿ ಕಲಸಿದಾಗ ಆ ಲೋಟ ಅಸುರಕ್ಷಿತ ಆಹಾರವೂ ಹೌದು, ಮಾದಕದ್ರವ್ಯದ ಮುದ್ದೆಮಾಲೂ ಹೌದು.

ಕಲಸುವುದೇಕೆ ಎಂಬುದನ್ನೂ ಬಿಡಿಸಬೇಕು. ಈಚಲ ಮರ, ತಾಳೆ ಮರ ನಗರದ ಬಾಯಾರಿಕೆಗೆ ಸಾಲುವಷ್ಟಿಲ್ಲ. ಹೈದರಾಬಾದಿನ ಕಳ್ಳಿನ ಕಾಂಪೌಂಡುಗಳನ್ನು 2004ರಲ್ಲಿ ಮುಚ್ಚಿ, ತೆಲಂಗಾಣ ಆದ ಮೇಲೆ 2014ರಲ್ಲಿ ಮತ್ತೆ ತೆರೆದರು. ಮರಗಳು ಆ ವೇಗದಲ್ಲಿ ಬೆಳೆಯಲಿಲ್ಲ. ಕೊರತೆಯನ್ನು ನೀರು ತುಂಬಿತು, ನೀರಿಗೆ ಸ್ಯಾಕರಿನ್ ಸಿಹಿ ಕೊಟ್ಟಿತು, ಇಲ್ಲದ ಅಮಲನ್ನು ಮಾತ್ರೆಯ ಪುಡಿ ಕೊಟ್ಟಿತು. ರಾಯಚೂರು ಸೀಮೆಯ ಓದುಗರಿಗೆ ಇದು ಹೊಸದಲ್ಲ. ಅಲ್ಲಿ ಸೇಂದಿಗೆ ಬೀಳುವ ‘ಸಿಎಚ್ ಪೌಡರ್’, ಎಂದರೆ ಕ್ಲೋರಲ್ ಹೈಡ್ರೇಟ್, ಇದೇ ಕೆಲಸ ಮಾಡುತ್ತದೆ. ಇದರ ಕೇಡು ಕುಡಿದಾಗ ಮಾತ್ರವಲ್ಲ, ಬಿಟ್ಟಾಗಲೂ ಬರುತ್ತದೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಕಳ್ಳಿನ ಮೇಲೆ ದಾಳಿಗಳಾಗಿ ಪುಡಿ ಸಿಗದಂತಾದಾಗ, ಕೈನಡುಕ, ಭ್ರಮೆ, ಸೆಳವು ಹಿಡಿದು ಜನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಗೆ ಸಾಲುಗಟ್ಟಿದರು. ಆ ಎರ್ರಗಡ್ಡ ಕೂಕಟ್‌ಪಲ್ಲಿಯಿಂದ ಅದೇ ಹೆದ್ದಾರಿಯಲ್ಲಿ ಕೆಲವೇ ಮೈಲಿ. ಇನ್ನೊಂದು ಸೂಕ್ಷ್ಮ: ನಿದ್ದೆಯ ಮಾತ್ರೆ ಮಂಪರು ತರುವುದು ಸಹಜ, ತೀವ್ರ ಭೇದಿ ತರುವುದು ಅದರ ಸಾಮಾನ್ಯ ಗುಣವಲ್ಲ. ಆದ್ದರಿಂದ ಮಾದರಿಯಲ್ಲಿ ಒಂದು ದ್ರವ್ಯ ಸಿಕ್ಕಿತೆಂದು ಹುಡುಕಾಟ ಮುಗಿಯಿತೆನ್ನಬಾರದು. ನೀರು ಯಾವುದು, ಪೀಪಾಯಿ ಯಾವುದು ಎಂಬ ಪ್ರಶ್ನೆಗಳು ನಿಂತೇ ಇರುತ್ತವೆ.

ಎಲ್ಲ ಪ್ರಸಂಗಗಳನ್ನೂ. ಸಾವಾದದ್ದನ್ನು, ಪತ್ರಿಕೆಗೆ ಬಂದದ್ದನ್ನು ಮಾತ್ರವಲ್ಲ. ಒಬ್ಬನೇ ರೋಗಿಯಾದರೂ, ಎರಡು ದಿನದಲ್ಲಿ ಎದ್ದು ಮನೆಗೆ ಹೋದವನಾದರೂ. ಈ ಚಿಕ್ಕ ವಿಶೇಷಣದ ಹಿಂದೆ ಸಾಂಕ್ರಾಮಿಕ ರೋಗಶಾಸ್ತ್ರದ ಮುಖ್ಯ ತತ್ತ್ವವಿದೆ: ಕಾಯಿಲೆ ಬಿದ್ದವರನ್ನೂ ಬೀಳದವರನ್ನೂ ಸೇರಿಸಿ ಎಣಿಸದೆ ಕಾರಣ ಸಿಗದು. ತಿಂದವರಲ್ಲಿ ಎಷ್ಟು ಪಾಲು ಬಿದ್ದರು, ತಿನ್ನದವರಲ್ಲಿ ಎಷ್ಟು ಪಾಲು ಎಂದು ಒಂದೊಂದು ಪದಾರ್ಥಕ್ಕೂ ಲೆಕ್ಕ ಹಾಕಿ, ಅಂತರ ಎಲ್ಲಿ ದೊಡ್ಡದೋ ಅಲ್ಲಿ ಬೆರಳಿಡುವುದು ಕ್ರಮ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈ ಜೀವಾಣುವಿನ ಒಂದು ಉಗ್ರ ತಳಿ ಹರಡಿದಾಗ ಮೊದಲು ಸ್ಪೇನಿನ ಸೌತೆಕಾಯಿಯನ್ನು ದೂರಿದರು. ಅಲ್ಲಿಯ ರೈತರ ಬೆಳೆ ಮಣ್ಣುಪಾಲಾಯಿತು. ಆಮೇಲೆ ಒಂದು ಹೋಟೆಲಿನಲ್ಲಿ ಉಂಡ ಗುಂಪುಗಳನ್ನು ಹಿಡಿದು, ಯಾವ ತಟ್ಟೆಯಲ್ಲಿ ಏನು ಬಡಿಸಿದ್ದೆಂದು ಅಡುಗೆಯವರನ್ನೇ ಕೇಳಿ, ಊಟದ ಫೋಟೋಗಳನ್ನೂ ನೋಡಿದಾಗ ಅಪರಾಧಿ ಮೊಳಕೆಕಾಳೆಂದು ಗೊತ್ತಾಯಿತು. ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜ ಅದರ ಮೂಲವೆಂದು ಗುರುತಿಸಿದರು. ಒಟ್ಟಿನಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಮೊಳಕೆಯನ್ನು ಎಷ್ಟೋ ಜನ ತಿಂದದ್ದೇ ಮರೆತಿದ್ದರು. ಸಲಾಡಿನ ಮೇಲೆ ಉದುರಿಸಿದ ನಾಲ್ಕು ಕಾಳು ಯಾರ ನೆನಪಿನಲ್ಲಿರುತ್ತದೆ?

ಹೈದರಾಬಾದಿನದೇ ಇನ್ನೊಂದು ಉದಾಹರಣೆ ಇಲ್ಲಿ ಸಲ್ಲುತ್ತದೆ. 2024ರ ಅಕ್ಟೋಬರಿನಲ್ಲಿ ನಗರದ ಬೇರೆ ಬೇರೆ ಬಸ್ತಿಗಳಲ್ಲಿ ಮೋಮೊ ತಿಂದ ಹತ್ತಾರು ಜನ ಅಸ್ವಸ್ಥರಾಗಿ ಒಬ್ಬ ಮಹಿಳೆ ತೀರಿಕೊಂಡರು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಒಂದು ಹೊಟ್ಟೆನೋವು. ಕೂಡಿಸಿದಾಗ ಒಂದೇ ಮಾರಾಟಗಾರನ ಕಡೆಗೆ ದಾರಿ ಕಂಡಿತು. ಅದೇ ತಿಂಗಳ 30ರಂದು ತೆಲಂಗಾಣದ ಆಹಾರ ಸುರಕ್ಷತಾ ಆಯುಕ್ತರು ಮೋಮೊ ಜೊತೆ ಬಡಿಸುವ, ಹಸಿ ಮೊಟ್ಟೆಯಿಂದ ಮಾಡಿದ ಮೇಯನೇಸನ್ನು ಒಂದು ವರ್ಷ ನಿಷೇಧಿಸಿದರು. ಆ ಬಲ ಬಂದದ್ದು 30ನೆಯ ಕಲಮಿನಿಂದ. ಬೇಯಿಸದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಉಳಿದಿರಬಹುದೆಂಬುದು ನಿಷೇಧದ ಯುಕ್ತಿ. 35 ಸುದ್ದಿ ತರುತ್ತದೆ, 30 ಕೈ ಎತ್ತುತ್ತದೆ. ಸುದ್ದಿಯಿಲ್ಲದೆ ಎತ್ತಿದ ಕೈ ಕತ್ತಲಲ್ಲಿ ಬೀಸಿದಂತೆ.

ಗೊತ್ತುಪಡಿಸಿದ ಅಧಿಕಾರಿಗೆ. ಏಕವಚನವನ್ನು ಗಮನಿಸಬೇಕು. ಕೂಕಟ್‌ಪಲ್ಲಿಯ ಲೋಟಕ್ಕೆ ಮಾತ್ರ ಒಡೆಯರು ಹಲವರು: ಅಂಗಡಿಯ ಪರವಾನಗಿ ಅಬಕಾರಿಯದು, ಸಾವಿನ ತನಿಖೆ ಪೊಲೀಸರದು, ರೋಗದ ಲೆಕ್ಕ ಜಿಲ್ಲಾ ವೈದ್ಯಾಧಿಕಾರಿಯದು, ಆಹಾರದ ತಪಾಸಣೆ ಪಾಲಿಕೆಯ ಆಹಾರ ಸುರಕ್ಷತಾ ವಿಭಾಗದ್ದು. ವಿಷಪ್ರಾಶನವೆಂದರೆ ಆಸ್ಪತ್ರೆಯವರಿಗೆ ಮೊದಲು ನೆನಪಾಗುವುದು ಎಂಎಲ್‌ಸಿ, ಎಂದರೆ ಠಾಣೆಗೆ ಹೋಗುವ ಚೀಟಿ. ಅದು ತಪ್ಪಿತಸ್ಥನನ್ನು ಹುಡುಕುತ್ತದೆ. ಇನ್ನೂ ಕುಡಿಯುತ್ತಿರುವವನನ್ನು ಹುಡುಕುವುದು ಅದರ ಕೆಲಸವಲ್ಲ. ಕಲಮು ಹೇಳುವ ಅಧಿಕಾರಿಯ ಕೆಲಸ ಅದೇ. ಅವನು ಬಂದ ಮೇಲೆ ನಡೆಯುವುದನ್ನು 47ನೆಯ ಕಲಮು ಹೇಳುತ್ತದೆ: ಮಾದರಿಯನ್ನು ನಾಲ್ಕು ಭಾಗ ಮಾಡಿ, ಮುದ್ರೆ ಹಾಕಿ, ಒಂದನ್ನು ವಿಶ್ಲೇಷಕರಿಗೆ ಕಳಿಸಬೇಕು. ವಿಶ್ಲೇಷಕರ ವರದಿಗೆ ಕಾಯ್ದೆ ಕೊಟ್ಟ ಅವಧಿ 14 ದಿನ. ನ್ಯಾಯಾಲಯಕ್ಕೆ ಅದು ತಕ್ಕ ಅವಧಿ, ವಾರ್ಡಿನಲ್ಲಿರುವವನಿಗೆ ಅಲ್ಲ.

ವರದಿ ಮಾಡತಕ್ಕದ್ದೆಂದು. ‘ತಕ್ಕದ್ದು’ ಕರ್ತವ್ಯಸೂಚಕ. ತಪ್ಪಿದರೆ ದಂಡವೇನೆಂದು ಕಲಮಿನೊಳಗೆ ಇಲ್ಲ. ಬೇರೆ ದಂಡ ಹೇಳದ ಉಲ್ಲಂಘನೆಗಳಿಗೆ 2 ಲಕ್ಷ ರೂಪಾಯಿಯವರೆಗೆ ವಿಧಿಸಬಹುದೆಂಬ 58ನೆಯ ಕಲಮನ್ನು ಇದರೊಡನೆ ಓದಿಕೊಳ್ಳಬೇಕು. ವರದಿಗೆ ಇನ್ನೊಂದು ಕಾಲುವೆಯೂ ಉಂಟು. 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆ ಕಂಡ ಲಕ್ಷಣಗಳನ್ನು, ವೈದ್ಯರು ತಮ್ಮ ಊಹೆಯನ್ನು, ಪ್ರಯೋಗಾಲಯ ತನ್ನ ಫಲಿತಾಂಶವನ್ನು ಬೇರೆ ಬೇರೆ ನಮೂನೆಗಳಲ್ಲಿ ತುಂಬುತ್ತಾರೆ. ಈಗ ಅದು ಕಂಪ್ಯೂಟರಿನ ಮೂಲಕ ಹರಿಯುತ್ತದೆ. ಆ ಯೋಜನೆ ಆರೋಗ್ಯ ಇಲಾಖೆಯದು. ಆಹಾರ ಕಾಯ್ದೆಯ ದಂಡವಿಧಾನ ಬೇರೆ ಕೈಯಲ್ಲಿದೆ. ಎರಡು ಕಾಲುವೆಗಳ ನೀರು ಒಂದೇ ಮಡಕೆಗೆ ಬಿದ್ದಾಗಲೇ ಈ ಪದಕ್ಕೆ ಪೂರ್ಣಾರ್ಥ.

ವಿಧಿಸಬಹುದು. ಕ್ರಿಯಾಪದ ಕೊನೆಗೆ ಬಂದು ಇಡೀ ವಾಕ್ಯದ ಬಲವನ್ನು ತನ್ನಲ್ಲಿ ಇಟ್ಟುಕೊಂಡಿದೆ. ವೈದ್ಯರಿಗೆ ‘ತಕ್ಕದ್ದು’, ಪ್ರಾಧಿಕಾರಕ್ಕೆ ‘ಬಹುದು’. ಅಧಿಸೂಚನೆ ಹೊರಡದಿದ್ದರೆ ವೈದ್ಯರ ಕರ್ತವ್ಯ ಹುಟ್ಟುವುದೇ ಇಲ್ಲ. ಸತ್ತವರ ವಾರಸುದಾರರಿಗೆ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಪರಿಹಾರವನ್ನು 65ನೆಯ ಕಲಮು, ಮಾರಿದವನಿಗೆ 7 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವನ್ನು 59ನೆಯ ಕಲಮು ಸಂದೇಹಕ್ಕೆಡೆಯಿಲ್ಲದೆ ಹೇಳುತ್ತವೆ. ಸಾವಿನ ನಂತರದ ಕಲಮುಗಳಲ್ಲಿರುವ ಈ ಖಚಿತತೆ ಸಾವಿಗೆ ಮುಂಚಿನ ಕಲಮಿನಲ್ಲಿಲ್ಲ. ಇದು ತಿದ್ದಬೇಕಾದ ದೋಷ. ತಿದ್ದಲು ಒಂದೇ ಕ್ರಿಯಾಪದ ಬದಲಾದರೆ ಸಾಕು.