ಬಣ್ಣಗಾರರ ನೀರು

ರೇಷ್ಮೆಯ ನೂಲಿಗೆ ಸ್ವಹಸ್ತದಿಂದ ಬಣ್ಣವೂಡಿ, ಅದನ್ನು ತಾವೇ ಹೆಣೆದೋ ಹೆಣೆಯಬಲ್ಲವರಿಗೆ ಮಾರಿಯೋ ಜೀವನ ಸಾಗಿಸಬೇಕೆಂಬ ಹಂಬಲವುಳ್ಳ ತರುಣ ತರುಣಿಯರು ಸಾಮಾನ್ಯವಾಗಿ ವಿಚಾರಿಸುವುದು ಯಾವ ಬಣ್ಣಕ್ಕೆ ಬೆಲೆ ಹೆಚ್ಚು, ಯಾವ ವಿನ್ಯಾಸಕ್ಕೆ ಗಿರಾಕಿ ಹೆಚ್ಚು ಎಂಬುದನ್ನು. ಆದರೆ ರಾಮನಗರ ಸೀಮೆಯ ಬೈರಮಂಗಲದ ಕೆರೆಯ ಬಳಿ ಒಂದು ಗಳಿಗೆ ನಿಂತು, ಬೆಂಗಳೂರಿನ ಕಶ್ಮಲವನ್ನು ಹೊತ್ತು ತರುವ ವೃಷಭಾವತಿ ನದಿಯ ನೊರೆಯನ್ನು ಕಣ್ಣಾರೆ ಕಂಡವರಿಗೆ, ಈ ವೃತ್ತಿಯ ಮೊದಲ ಪ್ರಶ್ನೆ ನೀರಿನದೆಂಬುದು ಯಾರೂ ಹೇಳದೆಯೇ ಹೊಳೆಯುತ್ತದೆ.

ಉಳಿದ ಸಾಮಗ್ರಿಗಳ ವಿಷಯದಲ್ಲಿ ಈ ಸೀಮೆಯಷ್ಟು ಭಾಗ್ಯಶಾಲಿಯಾದ ಸೀಮೆ ವಿರಳ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಅಲ್ಲಿಯ ರೀಲರುಗಳು ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಬಿಚ್ಚಿ ತೆಗೆಯುವ ಕಚ್ಚಾ ನೂಲು 20-22 ಡೆನಿಯರಿನಷ್ಟು ಸೂಕ್ಷ್ಮ. ಎಂದರೆ 9,000 ಮೀಟರು ಉದ್ದದ ನೂಲಿನ ತೂಕ 20-22 ಗ್ರಾಂ ಮಾತ್ರ. ಅದು ಮಗ್ಗಕ್ಕೆ ಹೇಳಿ ಮಾಡಿಸಿದ್ದು. ಹಲವು ಎಳೆಗಳನ್ನು ಕೂಡಿಸಿ ಹುರಿ ಮಾಡಿದರೂ ಹೆಣಿಗೆಯ ಕಡ್ಡಿಯ ಮೇಲಿಂದ ಜಾರುವ ಸ್ವಭಾವ ಅದಕ್ಕೆ ತಪ್ಪದು. ಹೆಣೆಯುವವರಿಗೆ ಹಿತವಾದದ್ದು, ಬಿಚ್ಚಲು ಬಾರದ ತೂತುಗೂಡುಗಳನ್ನೂ ಬಿಚ್ಚಾಣಿಕೆಯಲ್ಲಿ ಉಳಿದ ತುಂಡೆಳೆಗಳನ್ನೂ ಹಿಂಜಿ ನೂತ ನೂಲು. ಇಂಥ ನೂಲಿಗಾಗಿಯೇ ಚನ್ನಪಟ್ಟಣದಲ್ಲಿ ಒಂದು ಗಿರಣಿಯನ್ನು ಕಟ್ಟಲಾಗಿತ್ತು. ಇದರ ಹೊಳಪು ಮಂದವೆಂದು ವ್ಯಾಪಾರಿಗಳು ಕಡೆಗಣಿಸುವುದುಂಟು. ನನ್ನ ಕಣ್ಣಿಗಾದರೋ ಆ ಮಂದಕಾಂತಿಯೇ ಹಿರಿದು, ಏಕೆಂದರೆ ಬೆಳಕು ಮೇಲ್ಮೈಯಿಂದಲೇ ಜಾರಿಹೋಗದೆ ಬಣ್ಣದ ಆಳಕ್ಕಿಳಿದು ಮರಳಿದಂತೆ ತೋರುವುದು ಇದರಲ್ಲಿಯೇ. ಉಣ್ಣೆಯ ಸ್ಥಿತಿಸ್ಥಾಪಕತ್ವ ರೇಷ್ಮೆಗಿಲ್ಲವಾದ್ದರಿಂದ, ತನ್ನ ಭಾರಕ್ಕೆ ತಾನೇ ಇಳಿಬೀಳುವ ಅಂಗಿಗಿಂತ ಶಾಲು, ಕೊರಳವಸ್ತ್ರಗಳನ್ನು ಹೆಣೆಯುವುದು ವಿವೇಕ.

ಬಣ್ಣದ ದ್ರವ್ಯಗಳೂ ದೂರದವಲ್ಲ. ಚನ್ನಪಟ್ಟಣದ ಬೊಂಬೆಗಳ ಮೈಗೆ ಮೆರುಗು ಕೊಡುವ ಅರಗನ್ನು ತೊಳೆದು ಶುದ್ಧಿಮಾಡುವಾಗ ನೀರಿನೊಡನೆ ಹೋಗಿಬಿಡುವ ಕೆಂಪಿದೆಯಲ್ಲ, ಪಟಿಕದ ಸಹಾಯದಿಂದ ರೇಷ್ಮೆಗೆ ಗಾಢವಾದ ರಕ್ತವರ್ಣವನ್ನು ಕೊಡತಕ್ಕದ್ದು ಅದೇ. ಆ ಬೊಂಬೆಗಳನ್ನು ಕಡೆಯುವ ಹಾಲೆ ಮರದ ಎಲೆಯಲ್ಲಿ ನೀಲಿಯ ಅಂಶವುಂಟು. ಬೊಂಬೆಯ ಮರವೇ ಬಣ್ಣದ ಮರವೂ ಆಗಿರುವ ಈ ಊರುಗಳಲ್ಲಿ ನೂಲಿಗೆ ಬಣ್ಣ ಕಟ್ಟುವ ವಿದ್ಯೆ ಬೆಳೆಯಬೇಕೆಂದು ಆಶಿಸುವುದು ಅತಿಯಾಸೆಯಲ್ಲ.

ಇಷ್ಟೆಲ್ಲ ಇದ್ದೂ ನೀರು ಕೆಟ್ಟರೆ ಎಲ್ಲವೂ ಕೆಟ್ಟಂತೆಯೇ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಗೋಂದು. ಅದನ್ನು ಸಾಬೂನಿನ ನೀರಿನಲ್ಲಿ ಕಾಯಿಸಿ ಕಳೆದ ಹೊರತು ಬಣ್ಣ ಸಮವಾಗಿ ಹಿಡಿಯದು. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಸಾಬೂನು ಅದರೊಡನೆ ಕೂಡಿ, ಅಂಟಂಟಾದ ಕಿಟ್ಟವಾಗಿ ಎಳೆಯ ಮೇಲೆ ಕುಳಿತು, ರೇಷ್ಮೆಗೆ ಸಹಜವಾದ ಕಾಂತಿಯನ್ನೇ ನುಂಗಿಬಿಡುತ್ತದೆ. ಅಡಿಕೆಯ ಚೊಗರಿನಲ್ಲಿ ಅದ್ದಿ ಕೆಂಗಂದು ಬಣ್ಣಕ್ಕೆ ಬರಬೇಕಾದ ಲಡಿ, ನೀರಿನಲ್ಲಿ ಕಬ್ಬಿಣದ ಲೇಶವಿದ್ದರೂ ಬೂದುಗಪ್ಪಿಗೆ ತಿರುಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಈ ತೊಂದರೆಗಳಿದ್ದರೂ ಅದರ ಗುಣ ಒಂದು ಮಟ್ಟಿಗೆ ಸ್ಥಿರವಾಗಿರುವುದರಿಂದ ಅನುಭವಸ್ಥರು ಹೊಂದಿಕೊಳ್ಳಬಲ್ಲರು. ಆದರೆ ಮಹಾನಗರವೊಂದು ಈ ದಿನ ಏನನ್ನು ಚೆಲ್ಲೀತು, ನಾಳೆ ಏನನ್ನು ಚೆಲ್ಲೀತು ಎಂಬುದನ್ನು ಅವಲಂಬಿಸಿದ ನೀರಿಗೆ ಹೊಂದಿಕೊಳ್ಳುವ ವಿದ್ಯೆ ಯಾರಲ್ಲಿಯೂ ಇಲ್ಲ. ರೈತನ ಗದ್ದೆಗೆಂದು ಕಟ್ಟಿದ ಜಲಾಶಯವೊಂದು ಹೀಗಾದದ್ದು ಅನ್ಯಾಯ. ಆ ಅನ್ಯಾಯವನ್ನು ಕುರಿತು ಬೆಂಗಳೂರಿನ ಓದುಗರಾದ ನಾವು ಮೌನವಾಗಿರುವುದು ಮತ್ತಷ್ಟು ಅನ್ಯಾಯ.

ಬಣ್ಣಗಾರರಿಗೆ ಸದ್ಯಕ್ಕುಳಿದ ದಾರಿ ಮಳೆಯ ನೀರು. ಅದರಷ್ಟು ಮೃದುವಾದ ನೀರು ಭೂಮಿಯ ಮೇಲೆ ದೊರೆಯುವುದು ಕಷ್ಟ. ಒಂದು ಕಿಲೋ ನೂಲಿಗೆ ಒಂದೊಂದು ಅದ್ದಿಗೆಗೂ 30 ಲೀಟರಿನಂತೆ, ಗೋಂದು ಕಳೆಯುವುದು, ಪಟಿಕ ಹಿಡಿಸುವುದು, ಬಣ್ಣ, ಜಾಲಾಟಗಳೆಲ್ಲ ಸೇರಿ ಸುಮಾರು 200 ಲೀಟರು ಬೇಕೆಂದಿಟ್ಟುಕೊಳ್ಳೋಣ; 100 ಚದರ ಮೀಟರಿನ ಮಾಡಿನ ಮೇಲೆ 20 ಮಿಲಿಮೀಟರಿನ ಒಂದು ಮಳೆ ಸುರಿದರೆ ಲೆಕ್ಕಕ್ಕೆ 2,000 ಲೀಟರು, ಹತ್ತು ಕಿಲೋ ನೂಲಿಗೆ ಸಾಕಾಗುವಷ್ಟು. ಮುಂಗಾರಿನಲ್ಲಿ ಕೂಡಿಟ್ಟು, ಬೇಸಗೆಯಲ್ಲಿ ಹೆಣಿಗೆಗೂ ಮಾರಾಟಕ್ಕೂ ಕಾಲವನ್ನು ಮೀಸಲಿಟ್ಟುಕೊಳ್ಳುವಂಥ ವರ್ಷಕ್ರಮವೊಂದನ್ನು ರೂಢಿಸಿಕೊಂಡವರಿಗೆ ಈ ವೃತ್ತಿ ಅಸಾಧ್ಯವಾಗದು.

ಹೆಣಿಗೆಯ ದೃಷ್ಟಿಯಿಂದ ಇನ್ನೊಂದು ಮಾತು. ಒಂದೇ ಪಾತ್ರೆಯಲ್ಲಿ ಅದ್ದಿದ ಎರಡು ಲಡಿಗಳೂ ಒಂದೇ ಛಾಯೆಯಲ್ಲಿ ಬರುವುದಿಲ್ಲ. ಅದು ದೋಷವಲ್ಲ, ಕೈಬಣ್ಣದ ಜೀವ; ಬಲ್ಲವರು ಎರಡು ಲಡಿಗಳನ್ನು ಸಾಲುಸಾಲಿಗೆ ಬದಲಿಸಿ ಹೆಣೆದು ಆ ಭೇದವನ್ನು ಮೃದುವಾಗಿ ಬೆರೆಸುತ್ತಾರೆ. ಆದರೆ ಮೂರು ತಿಂಗಳ ಬಳಿಕ ಅದೇ ಬಣ್ಣವನ್ನು ಕೇಳಿ ಬಂದ ಗಿರಾಕಿಗೆ ಅದರ ಸಮೀಪದ ಛಾಯೆಯನ್ನಾದರೂ ಒದಗಿಸಲಾರದವರು ಹವ್ಯಾಸಿಗಳಾಗಿಯೇ ಉಳಿಯುತ್ತಾರೆ. ನೂಲಿನ ತೂಕ, ದ್ರವ್ಯದ ತೂಕ, ಶಾಖ, ಕಾಲ, ಮುಖ್ಯವಾಗಿ ಯಾವ ನೀರು ಎಂಬುದನ್ನು ಬರೆದಿಟ್ಟು, ಪಕ್ಕದಲ್ಲಿ ಒಂದು ಗೇಣು ನೂಲನ್ನು ಕಟ್ಟಿದ ಪುಸ್ತಕವೇ ಬಣ್ಣಗಾರರ ನಿಜವಾದ ಬಂಡವಾಳ.

ಈ ಬಂಡವಾಳವನ್ನು ಹಲವರು ಹಂಚಿಕೊಂಡದ್ದುಂಟು. ಗ್ರಾಮೀಣ ಸ್ತ್ರೀಯರ ಸಹಕಾರದಿಂದ 1968ರಲ್ಲಿ ಆರಂಭವಾದ ಉರುಗ್ವೆ ದೇಶದ ‘ಮಾನೋಸ್ ದೆಲ್ ಉರುಗ್ವೆ’ ಕೈಬಣ್ಣದ ಹೆಣಿಗೆನೂಲಿಗೆ ಲೋಕದಲ್ಲೆಲ್ಲ ಹೆಸರು ತಂದಿತು. ನಮ್ಮಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಬೆಳೆದ ‘ಚರಕ’ದ ಮಹಿಳೆಯರು ಅಡಿಕೆಯ ಚೊಗರು, ದಾಳಿಂಬೆಯ ಸಿಪ್ಪೆ, ನೀಲಿಗಳಿಂದ ನೂಲಿಗೆ ಬಣ್ಣ ಕಟ್ಟಿ ನೇಯ್ದು, ಈ ಕೆಲಸದಿಂದ ಸಂಸಾರಗಳು ನಡೆಯಬಲ್ಲವೆಂದು ತೋರಿಸಿದರು; ಅದೇ ಸಂಸ್ಥೆ 2020ರಲ್ಲಿ ಮಾಲು ಮಾರಾಟವಾಗದೆ ತನ್ನ ಸಂಕಟವನ್ನು ಬಹಿರಂಗವಾಗಿ ಸಾರಬೇಕಾಗಿ ಬಂದದ್ದನ್ನೂ ಮರೆಯಲಾಗದು. ಕೈಕೆಲಸಕ್ಕೆ ನಾವು ಕೊಡುವ ಬೆಲೆ ಕೈಗೆ ಸಾಲುವಷ್ಟಿಲ್ಲ.

ಆದಕಾರಣ ಬೈರಮಂಗಲದ ಸುತ್ತಿನಲ್ಲಿ ಈ ವೃತ್ತಿಯನ್ನು ಹಿಡಿಯತಕ್ಕವರು ಮಳೆನೀರಿನ ತೊಟ್ಟಿಯ ವೆಚ್ಚವನ್ನು ಲಡಿಯ ಬೆಲೆಯಲ್ಲಿ ನಿಸ್ಸಂಕೋಚವಾಗಿ ಸೇರಿಸಲಿ. ತಾಮ್ರ, ಕ್ರೋಮಿಯಂ ಲವಣಗಳನ್ನು ಬಳಸದೆ ಪಟಿಕದಲ್ಲಿಯೇ ತೃಪ್ತರಾಗಿ, ಮಿಕ್ಕ ಪಟಿಕದ ನೀರನ್ನು ಮರುದಿನದ ನೂಲಿಗೆ ಬಳಸಿಕೊಳ್ಳಲಿ. ಏಕೆಂದರೆ ಇಲ್ಲಿಂದ ಹರಿದದ್ದು ಅರ್ಕಾವತಿಯನ್ನು ಸೇರಿ ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಕೊಳ್ಳುವವರು ಬೆಲೆ ಹೆಚ್ಚೆಂದರೆ, ಅದರಲ್ಲಿ ನೀರಿನ ಪಾಲೆಷ್ಟು, ಕೈಯ ಪಾಲೆಷ್ಟು ಎಂಬುದನ್ನು ಪುಸ್ತಕ ತೆರೆದು ತೋರಿಸಲಿ.